ಒಂದು ಒಳಲೆ ಗುಟುಕು

ಇಂದುಧರ ಮೊದಲ ಸಲ ಕುಡಿದದ್ದು ನನಗೆ ಗೊತ್ತಾದದ್ದು ಪಿಯುಸಿ ಎರಡನೇ ವರ್ಷದವರ ಪ್ರಾಕ್ಟಿಕಲ್ ತರಗತಿಯಲ್ಲಿ. ಬ್ಯುರೆಟ್ಟಿನ ತುದಿಯಿಂದ ಒಂದೊಂದೇ ಹನಿ ಬೀಳಿಸುತ್ತ, ಯಾವ ಹನಿಗೆ ಫ್ಲಾಸ್ಕಿನ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೋ ಅಲ್ಲಿಗೆ ಕೈ ನಿಲ್ಲಿಸಬೇಕು ಎಂದು ಮಕ್ಕಳಿಗೆ ತೋರಿಸುತ್ತಿದ್ದೆ. ಮೂಗಿನ ತುದಿ ಮರಗಟ್ಟಿದಂತಾಯಿತು. ಆಮೇಲೆ ಬ್ಯುರೆಟ್ಟು ಎರಡಾಗಿ ಕಂಡಿತು. ಎರಡರಲ್ಲಿ ಯಾವುದರ ತಿರುಪು ಹಿಡಿಯಲಿ ಎಂದು ಯೋಚಿಸುವಷ್ಟರಲ್ಲಿ ನನಗೆ ನಗು ಬಂತು. ಇಪ್ಪತ್ತಾರು ವರ್ಷ ಪಾಠ ಹೇಳಿದ ನಾನು ತರಗತಿಯೊಳಗೆ ನಕ್ಕದ್ದು ಅದೇ ಮೊದಲು. ಮುಂದಿನ ಸಾಲಿನ ಹುಡುಗಿ ಸ್ಟೂಲು ತಂದು ನನ್ನನ್ನು ಕೂರಿಸಿ, "ಯಾರ ಮಗ ಕುಡದಾನ್ರಿ ಮೇಡಂ? ಅಣ್ಣನ ಮಗನೋ, ತಮ್ಮನ ಮಗನೋ?" ಎಂದು ಕೇಳಿದಳು.

"ತಮ್ಮನ ಮಗ," ಎಂದೆ.

"ಹಂಗಾದ್ರ ಮನಿಗೆ ಹೋಗ್ರಿ. ಅಂವ ಇನ್ನೊಂದು ಗ್ಲಾಸ್ ಕುಡದ್ರ ಆ್ಯಸಿಡ್ ಬಾಟ್ಲಿ ಬೀಳಸ್ತೀರಿ ನೀವು," ಎಂದು ಅವಳೇ ನನ್ನ ಚೀಲ ಎತ್ತಿಕೊಟ್ಟಳು.

ನಮ್ಮ ಊರಿನಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಯಾರು ಹೆಸರು ಹೇಳುತ್ತಾರೋ, ಆ ಕೂಸು ಬೆಳೆದು ಕುಡಿದಾಗ ಅಮಲು ಅವರಿಗೇ ಏರುತ್ತದೆ. ಹೆಸರು ಹೇಳುವವಳು ಸೋದರತ್ತೆಯಾದ್ದರಿಂದ ಅಮಲು ಬಹುಮಟ್ಟಿಗೆ ಅತ್ತೆಯರ ಪಾಲು. ಕುಡಿಯಬಾರದು ಎಂಬ ಕಾನೂನು ನಮ್ಮಲ್ಲಿ ಎಂದೂ ಇರಲಿಲ್ಲ. ಇದ್ದದ್ದು ಪುರಸಭೆಯ ಪಡಸಾಲೆಯಲ್ಲಿ ತೂಗುಹಾಕಿದ ಕರಿ ಹಲಗೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಒಂದು ಅಂಕಿ. ಅಷ್ಟು ವಯಸ್ಸು ತುಂಬಿದವರ ಅಮಲು ಅವರದೇ, ತುಂಬದವರದು ಹೆಸರಿಟ್ಟವಳದು. ನಮ್ಮ ಅಜ್ಜಿಯ ಕಾಲಕ್ಕೆ ಅಂಕಿ ಇಪ್ಪತ್ತೈದು ಇತ್ತಂತೆ. ನಾನು ಕಂಡದ್ದು ಇಪ್ಪತ್ತೊಂದು. ಅಂಕಿ ಅಳಿಸಿ ಬೇರೆ ಬರೆದರೆ, ಮರುದಿನ ಸೂರ್ಯ ಹುಟ್ಟುವುದರೊಳಗೆ ಅಮಲಿಗೂ ಅದು ತಿಳಿದಿರುತ್ತಿತ್ತು. ಶನಿವಾರ ಸಂಜೆ ಅತ್ತೆಯರು ಒಲೆ ಹಚ್ಚುತ್ತಿರಲಿಲ್ಲ. ಇಳಿಜಾರಿನ ಬೀದಿಗಳಲ್ಲಿ ಗೋಡೆಯುದ್ದಕ್ಕೂ ಸೊಂಟದ ಎತ್ತರಕ್ಕೆ ಹಗ್ಗ ಕಟ್ಟಿರುತ್ತಿತ್ತು, ಹಿಡಿದು ನಡೆಯಲಿಕ್ಕೆ. ಬಸ್ಸಿನ ಕಂಡಕ್ಟರು ಆ ದಿನ ಹೆಂಗಸರ ಪ್ರತಿ ಸೀಟಿಗೂ ಒಂದೊಂದು ಪ್ಲಾಸ್ಟಿಕ್ ಚೀಲ ಇಟ್ಟಿರುತ್ತಿದ್ದ, ವಾಂತಿಗೆಂದು.

ಇನ್ನೊಂದು ಪದ್ಧತಿ ಇತ್ತು. ಇಪ್ಪತ್ತೊಂದು ತುಂಬಿದ ದಿನ ಹೆಸರಿಟ್ಟವಳು ಹುಡುಗನನ್ನೋ ಹುಡುಗಿಯನ್ನೋ ಎದುರಿಗೆ ಕೂರಿಸಿಕೊಂಡು ಗುಟುಕು ಕೊಡಬೇಕು. ಕೂಸಿದ್ದಾಗ ಹಾಲು ಕುಡಿಸಿದ ಅದೇ ಒಳಲೆ. ಅದರ ತುಂಬ ಹಿಪ್ಪೆ ಹೂವಿನ ಸಾರಾಯಿ, ಒಂದೇ ಸಲ. ಆಮೇಲೆ ಇಬ್ಬರೂ ಒಂದು ತಾಸು ಎದ್ದು ಹೋಗದೆ ಕೂರಬೇಕು. ಕಿವಿ ಬಿಸಿಯಾಯಿತೇ ಎಂದು ಇವಳು ಕೇಳುವುದು, ಆಯಿತು ಎಂದು ಅವನು ಹೇಳುವುದು. ಮರುದಿನ ಎರಡು ಒಳಲೆ, ಅದರ ಮರುದಿನ ಮೂರು. ಎಂಟನೆಯ ದಿನಕ್ಕೆ ಅವನು ವಾಂತಿ ಮಾಡಿಕೊಳ್ಳುತ್ತಾನೆ. ಅತ್ತೆ ಅವನ ಹಣೆ ಹಿಡಿದುಕೊಂಡು, "ಇಷ್ಟು ದಿನ ನಾ ಹೊತ್ತದ್ದು ಇದು" ಎನ್ನುತ್ತಾಳೆ. ನಾನು ಇದನ್ನು ಹೆಂಗಸರ ಒಂದು ಶಾಸ್ತ್ರ ಎಂದು ಮಾತ್ರ ತಿಳಿದಿದ್ದೆ. ದಿನವೂ ಬ್ಯುರೆಟ್ಟು ಹಿಡಿಯುವ ನನಗೆ ಅದರೊಳಗೆ ನಾನು ಕಲಿಸುತ್ತಿದ್ದ ಪಾಠವೇ ಇರುವುದು ಕಾಣಲಿಲ್ಲ.

ಮದುವೆಯಾಗದ ನಾನು ಹೆಸರು ಹೇಳಿದ್ದು ಒಬ್ಬನಿಗೇ. ತಮ್ಮ ಗುರುಪಾದನ ಮನೆ ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ. ಆ ಬುಧವಾರ ಸಂಜೆ ಇಂದುಧರ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತ. ಹದಿನೇಳು ವರ್ಷ, ಮೀಸೆ ಇನ್ನೂ ಮೂಡುವುದೋ ಬೇಡವೋ ಎನ್ನುತ್ತಿತ್ತು. ನಾನು ಗೋಡೆಗೆ ಒರಗಿ ಕೂತು ನಗುತ್ತಲೇ ಇದ್ದೆ.

"ಎಷ್ಟು ಕುಡದಿ?" ಎಂದೆ.

"ಎರಡು ಗ್ಲಾಸ್ ಅತ್ತಿ."

"ಎಷ್ಟು ಗಂಟೆಕ್ಕ?"

"ಮೂರೂವರಿಗೆ ಇರಬೇಕು. ಯಾಕ?"

ನಾನು ನೋಟ್‌ಬುಕ್ಕು ತೆಗೆದು ಬರೆದುಕೊಂಡೆ: ಮೂರೂವರೆ, ಎರಡು ಗ್ಲಾಸು, ಮೂಗು ಮರಗಟ್ಟಿದ್ದು ಮೂರು ಐವತ್ತೈದಕ್ಕೆ. ಅಕ್ಷರಗಳು ಸಾಲು ಬಿಟ್ಟು ಇಳಿದವು. ಅವನು ಬಗ್ಗಿ ನೋಡಿದ.

"ಎಲ್ಲಾರ ಅತ್ತಿ ಚಪ್ಪಲಿ ತಗೋತಾರ. ನೀ ಪೆನ್ ತಗೋತಿ. ನೀ ಎಂಥ ಅತ್ತಿನೋ ಏನೋ!"

ಆ ಮಾತಿಗೂ ನಾನು ನಕ್ಕೆ. ಅಮಲಿನಲ್ಲಿದ್ದೆ. ಅವನು ನನ್ನನ್ನೇ ನೋಡುತ್ತ ನಿಂತು, "ನಿನ್ನ ಹಲ್ಲು ನೋಡಬೇಕಂದ್ರ ನಾ ಎರಡು ಗ್ಲಾಸ್ ಇಳಸಬೇಕು ನೋಡು," ಎಂದ. ಅದನ್ನು ತಮಾಷೆ ಎಂದುಕೊಂಡೆ. ಈಗ ಯೋಚಿಸಿದರೆ ಅದರಲ್ಲಿ ಅರ್ಧ ಮಾತ್ರ ತಮಾಷೆ.

ಬುಧವಾರ ಹೋಗಿ ಶನಿವಾರವಾಯಿತು, ಪ್ರತಿ ಶನಿವಾರವಾಯಿತು. ಕಾಲುವೆಯ ಏರಿಯ ಮೇಲೆ ಹತ್ತು ಹನ್ನೆರಡು ಜನ ಹುಡುಗ ಹುಡುಗಿಯರು ಐದೂ ಕಾಲಿಗೆ ಸೇರುತ್ತಿದ್ದರು. ಏರಿಯ ಕೆಳಗೇ ನೀಲಗಂಗವ್ವನ ಸಾರಾಯಿ ಅಂಗಡಿ. ಅವರ ಪಾಲಿಗೆ ಅದು ಕಹಿ ನೀರು. ಎಷ್ಟು ಕುಡಿದರೂ ಹೊಟ್ಟೆ ಉಬ್ಬುವುದು ಬಿಟ್ಟರೆ ಬೇರೇನಿಲ್ಲ. ಹಾಗಾಗಿ ಅದು ಪಂದ್ಯವಾಯಿತು. ಒಬ್ಬ ನಾಲ್ಕು ಕುಡಿದರೆ ಇನ್ನೊಬ್ಬ ಐದು. ಇಂದುಧರನ ಅಳತೆ ಎರಡು ವರ್ಷದಲ್ಲಿ ಎಂಟಕ್ಕೆ ಬಂದು ನಿಂತಿತು. ನನ್ನ ಶನಿವಾರದ ಸಂಜೆಗಳು ಹೋದವು. ಮೂರಕ್ಕೆ ನಾನು ಹಾಡುತ್ತಿದ್ದೆ. ಐದಕ್ಕೆ ತೀರಿಕೊಂಡ ಅಪ್ಪನ ನೆನಪಾಗಿ ಅಳುತ್ತಿದ್ದೆ. ಎಂಟಕ್ಕೆ ಬಚ್ಚಲುಮನೆಯ ತಣ್ಣನೆಯ ಕಲ್ಲಿಗೆ ಕೆನ್ನೆ ಒತ್ತಿ ಮಲಗುತ್ತಿದ್ದೆ. ಭಾನುವಾರ ಪೂರ್ತಿ ತಲೆಯೊಳಗೆ ಯಾರೋ ಕಡಾಯಿ ತಿಕ್ಕುತ್ತಿದ್ದಂತೆ. ಆದರೂ ಒಂದು ಮಾತು ಹೇಳಬೇಕು. ಪ್ರತಿ ಶನಿವಾರ ಐದು ನಲವತ್ತಕ್ಕೆ ನನ್ನ ಮೂಗು ಮರಗಟ್ಟಿದಾಗ ಅವನು ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ, ಎಷ್ಟನೆಯ ಗ್ಲಾಸಿನಲ್ಲಿದ್ದಾನೆ, ಎಲ್ಲ ನನಗೆ ತಿಳಿಯುತ್ತಿತ್ತು. ಅವನ ತಾಯಿಗೂ ತಿಳಿಯದಷ್ಟು. ಆಗ ನಾನು ಅದನ್ನು ಹಾಗೆ ಎಣಿಸಲಿಲ್ಲ.

ಪೆನ್ನು ಹಿಡಿಯಲಾಗದೆ ಬಿಟ್ಟುಹೋದ ವಾರಗಳನ್ನು ಕಳೆದರೂ ಅರವತ್ತೊಂದು ಶನಿವಾರಗಳ ಟಿಪ್ಪಣಿ ನನ್ನ ಬಳಿ ಇತ್ತು. ಅದರಲ್ಲಿ ಒಂದು ಕಾಲಂ, ಅವನು ಕುಡಿಯಲು ತೊಡಗಿದ ಹೊತ್ತಿಗೂ ನನಗೆ ಏರತೊಡಗಿದ ಹೊತ್ತಿಗೂ ನಡುವಿನ ಅಂತರ. ಇಪ್ಪತ್ತೈದು ನಿಮಿಷ, ಹೆಚ್ಚೆಂದರೆ ಎರಡು ನಿಮಿಷ ಹಿಂದೆ ಮುಂದೆ. ಆ ಅಂಕಿ ಅಷ್ಟು ಸ್ಥಿರವಾಗಿದ್ದದ್ದು ನನಗೆ ಹೆಮ್ಮೆಯ ಸಂಗತಿಯಾಗಿತ್ತು.

ಹೋದ ಚೈತ್ರದಲ್ಲಿ ಪಾರ್ವತೆವ್ವ ಕಾಲುವೆಯ ಮೆಟ್ಟಿಲಿನಿಂದ ಉರುಳಿ ಸೊಂಟ ಮುರಿದುಕೊಂಡಳು. ಏಳು ಜನರಿಗೆ ಹೆಸರು ಹೇಳಿದವಳು ಆಕೆ. ಆ ದಿನ ಏಳೂ ಜನ ಯಾವುದೋ ಪರೀಕ್ಷೆ ಮುಗಿಸಿದ ಖುಷಿಯಲ್ಲಿದ್ದರು. ಊರಿನಲ್ಲಿ ಚರ್ಚೆ ಎದ್ದಿತು. ಹಲಗೆಯ ಅಂಕಿ ಹದಿನೆಂಟಕ್ಕೆ ಇಳಿಸಬೇಕು ಎಂದು ಒಂದು ಪಕ್ಷ, ಇಳಿಸಬಾರದು ಎಂದು ಇನ್ನೊಂದು. ಪುರಸಭೆ ಒಂದು ಶುಕ್ರವಾರ ಬೆಳಿಗ್ಗೆ ಊರವರನ್ನು ಕರೆಯಿತು.

ಮೊದಲು ಎದ್ದವಳು ಮಧುಮತಿ, ಇಂದುಧರನ ಗೆಳತಿ, ಏರಿಯ ಮೇಲಿನ ಗುಂಪಿನವಳು. "ಮತ ಹಾಕಾಕ ನಾವು ದೊಡ್ಡವರು, ಮದವಿ ಆಗಾಕ ದೊಡ್ಡವರು. ನಮ್ಮ ತಲಿ ನಮಗ ತಿರಗಬೇಕಂದ್ರ ಅಷ್ಟ ಸಣ್ಣವರೇನ್ರಿ?" ಎಂದಳು. ಹುಡುಗರು ಬೆಂಚು ಬಡಿದರು. ನಿವೃತ್ತ ಅಂಚೆ ಮಾಸ್ತರರು ಎದ್ದು, ಇಳಿಸುವುದಲ್ಲ, ಮೂವತ್ತಕ್ಕೆ ಏರಿಸಬೇಕು, ಯುವಕರು ಶಿಸ್ತು ಕಲಿಯಬೇಕು ಎಂದರು. ಹಿಂದಿನ ಸಾಲಿನಿಂದ ಅತ್ತೆಯೊಬ್ಬಳು ಕೂಗಿದಳು: "ನೀವು ಯಾರ ಕಿವ್ಯಾಗ ಹೆಸರು ಹೇಳೀರಿ ಮಾಸ್ತರ? ಒಂದು ಶನಿವಾರ ಹೊತ್ತು ನೋಡ್ರಿ, ಆಮ್ಯಾಲ ಏರಸ್ರಿ!"

ಆಮೇಲೆ ನಾನು ಎದ್ದೆ. ನೋಟ್‌ಬುಕ್ಕು ಕೈಯಲ್ಲಿತ್ತು. ಬೆಂಕಿ ಮುಟ್ಟಿದ ಬೆರಳೊಂದು, ಸುಟ್ಟುಕೊಳ್ಳುವ ಬೆರಳು ಇನ್ನೊಂದಾದರೆ ಯಾವ ಕೂಸೂ ಒಲೆಗೆ ಹೆದರುವುದಿಲ್ಲ ಎಂದೆ. ಎರಡು ಗ್ಲಾಸು ಎಂಟಾದ ಬಗೆಯನ್ನು ಗ್ರಾಫ್ ಹಿಡಿದು ತೋರಿಸಿದೆ. ತನ್ನ ಅಮಲು ತನಗೆ ಏರಿದರೆ ಎಂಟು ತಾನಾಗಿ ಎರಡಕ್ಕೆ ಇಳಿಯುತ್ತದೆ ಎಂದೆ. ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಇಪ್ಪತ್ತೈದು ನಿಮಿಷದ ಕಾಲಂ ಇದ್ದ ಪುಟವನ್ನು ಮಾತ್ರ ನಾನು ತೆರೆಯಲಿಲ್ಲ. ಬಚ್ಚಿಡಬೇಕು ಎಂದಲ್ಲ, ಆ ದಿನದ ವಾದಕ್ಕೆ ಅದು ಬೇಕಾಗಿರಲಿಲ್ಲ.

ಸಭೆ ಚಪ್ಪಾಳೆ ತಟ್ಟುತ್ತಿರುವಾಗ ನೀಲಗಂಗವ್ವ ಬಾಗಿಲ ಬಳಿಯಿಂದಲೇ ಮಾತಾಡಿದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಅಂಗಡಿ ಬಿಟ್ಟು ಬಂದವಳ ಅವಸರದಲ್ಲಿ. "ಇಳಸ್ರಿ, ಬ್ಯಾಡನ್ನಂಗಿಲ್ಲ. ಒಮ್ಮಿಗೇ ಬ್ಯಾಡ್ರಿ. ಒಂದ ಮುಂಜಾನಿ ನಾನೂರು ಹುಡುಗರು ದಾಟ್ತಾವು. ಅವಕ್ಕೆಲ್ಲಾ ಗುಟುಕು ಕೊಡಾವ್ರು ಯಾರು? ಅವುಗಳ ಕೈಯಾಗ ಅಳತಿ ಇಲ್ರಿ, ನಾ ದಿನಾ ಹಾಕಿ ಕೊಡಾಕಿ, ನಾ ನೋಡೀನಿ. ಒಂದು ತಿಂಗಳು ಟೈಮ್ ಕೊಡ್ರಿ. ಮೊದಲ ಗುಟುಕು, ಆಮ್ಯಾಲ ಹಲಗಿ."

ಒಂದು ತಿಂಗಳು ಎಂದರೆ ನಾಲ್ಕು ಶನಿವಾರ. ನನ್ನ ಮನಸ್ಸಿಗೆ ಬಂದದ್ದು ಅದು. ಬಚ್ಚಲುಮನೆಯ ಕಲ್ಲು, ನಾಲ್ಕು ಸಲ.

"ನೀಲಗಂಗವ್ವಾರ," ಎಂದೆ, "ಎಂಟು ಗ್ಲಾಸ್ ಎರಡಕ್ಕ ಇಳಿದ್ರ ಅಂಗಡಿ ಹೆಂಗ ನಡೀತೈತಿ ಅನ್ನೋ ಚಿಂತಿ ನಿಮಗ. ಚಿಂತಿ ಮಾಡಬ್ಯಾಡ್ರಿ, ಒಂದು ತಿಂಗಳು ನಾವ ಬಂದು ಕುಡೀತೀವಿ."

ಸಭೆಯೆಲ್ಲ ನಕ್ಕಿತು. ಅತ್ತೆಯರು ಎಲ್ಲರಿಗಿಂತ ಜೋರಾಗಿ ನಕ್ಕರು. ನೀಲಗಂಗವ್ವ ನನ್ನನ್ನು ಒಂದು ಗಳಿಗೆ ನೋಡಿ, ಸೆರಗು ಹೊದ್ದು ಹೊರಟುಹೋದಳು. ಮಧ್ಯಾಹ್ನದ ಊಟಕ್ಕೆ ಮೊದಲೇ ಪೇಂಟರು ಏಣಿ ಹಾಕಿ ಇಪ್ಪತ್ತೊಂದನ್ನು ಅಳಿಸಿ ಹದಿನೆಂಟು ಬರೆದ. ಬಣ್ಣ ಒಣಗುವ ತನಕ ಕೆಲವು ಅತ್ತೆಯರು ಅಲ್ಲೇ ಬೀಸಣಿಗೆ ಹಿಡಿದು ಗಾಳಿ ಹಾಕಿದರು.

ಮರುದಿನ ಶನಿವಾರ. ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಇಂದುಧರ ಬಂದ. ತಲೆಗೆ ಎಣ್ಣೆ ಹಾಕಿ ಬಾಚಿದ್ದ. ಕೈಯಲ್ಲಿ ಹಿತ್ತಾಳೆಯ ಒಳಲೆ, ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ಹೊಳೆಯುತ್ತಿತ್ತು.

"ಅವ್ವನ ಟ್ರಂಕಿನ ತಳದಾಗ ಇತ್ತು ಅತ್ತಿ. ನಾನ ತಿಕ್ಕೀನಿ," ಎಂದ. "ಹತ್ತೊಂಬತ್ತಕ್ಕ ದೊಡ್ಡಾಂವ ಆದೆ. ಗುಟುಕು ಕೊಡು."

"ಸಾರಾಯಿ ಎಲ್ಲೈತಿ?"

"ತರ್ತೀನಿ. ನೀ ಹೂಂ ಅನ್ನು."

ನಾನು ಗೋಡೆಯ ಗಡಿಯಾರ ನೋಡಿದೆ. ಗುಟುಕು ಎಂದರೆ ಒಂದು ತಾಸು ಎದುರು ಕೂರಬೇಕು. ನಾಳೆಯೂ ಕೂರಬೇಕು, ನಾಡಿದ್ದೂ. ಎರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಶನಿವಾರ ಅದು. ಲ್ಯಾಬಿಗೆ ಹೋಗಿ ಬ್ಯುರೆಟ್ಟುಗಳನ್ನೆಲ್ಲ ತೊಳೆದು ಒಣಗಿಸಬೇಕು, ಅರ್ಧಕ್ಕೆ ಬಿಟ್ಟ ಪುಸ್ತಕ ಓದಬೇಕು, ಸಂಜೆ ಕತ್ತಲಾಗುವುದನ್ನು ಎಚ್ಚರವಾಗಿ ಕೂತು ನೋಡಬೇಕು ಎಂದು ಹಿಂದಿನ ದಿನವೇ ಅಂದುಕೊಂಡಿದ್ದೆ.

"ನಾಳೆ ಬಾರೋ," ಎಂದೆ. "ಇದೊಂದು ಶನಿವಾರ ನನಗ ಬಿಟ್ಟುಕೊಡು."

ಅವನ ಮುಖ ಸ್ವಲ್ಪ ಬಾಡಿತು, ಆಮೇಲೆ ನಕ್ಕ. "ಆತು ಬಿಡು. ನಿನ್ನ ಶನಿವಾರ ನಾ ಭಾಳ ತಿಂದೀನಿ." ಒಳಲೆಯನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ, "ಇಲ್ಲೇ ಇರಲಿ, ನಾಳೆಗೆ," ಎಂದು ಹೋದ. ಒಳ್ಳೆಯ ಅತ್ತೆಯಾಗಿದ್ದರೆ ಇವತ್ತು ಏರಿಗೆ ಹೋಗಬೇಡ ಎನ್ನುತ್ತಿದ್ದೆ. ಒಳ್ಳೆಯ ವಿಜ್ಞಾನಿಯಾಗಿದ್ದರೆ, ಏರಲು ಇಪ್ಪತ್ತೈದು ನಿಮಿಷ ಬೇಕು, ಕಾದು ನೋಡು ಎನ್ನುತ್ತಿದ್ದೆ. ಎರಡೂ ಅನ್ನಲಿಲ್ಲ. ಕಾಫಿ ಆರುತ್ತಿತ್ತು.

ಆ ದಿನ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಇಪ್ಪತ್ತನಾಲ್ಕು ಬ್ಯುರೆಟ್ಟು ತೊಳೆದೆ. ಮನೆಗೆ ಬಂದು ಬಿಸಿಲು ಕಿಟಕಿಯಿಂದ ಇಳಿಯುವಲ್ಲಿ ಕುರ್ಚಿ ಹಾಕಿಕೊಂಡೆ. ಐದೂ ಕಾಲು ಆಯಿತು. ಐದೂವರೆ ಆಯಿತು. ಐದು ನಲವತ್ತಕ್ಕೆ ಬೆರಳಿನಿಂದ ಮೂಗಿನ ತುದಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಒತ್ತಿದರೆ ಗೊತ್ತಾಗುತ್ತಿತ್ತು. ನೋಟ್‌ಬುಕ್ಕು ತೆಗೆದು ಅರವತ್ತೆರಡನೆಯ ಸಾಲಿನಲ್ಲಿ ಬರೆದೆ: ಏನೂ ಇಲ್ಲ. ಅದರ ಮುಂದೆ, ನನ್ನ ವಯಸ್ಸಿನವರು ಮಾಡಬಾರದ ಹಾಗೆ, ಒಂದು ನಗುವ ಮುಖ ಬರೆದೆ.

ಏರಿಯ ಮೇಲೆ ಏನಾಯಿತು ಎಂದು ಮಧುಮತಿ ಆಮೇಲೆ ಹೇಳಿದಳು. ನೀಲಗಂಗವ್ವ ಆ ದಿನ ತಲೆಗೆ ಒಂದೇ ಗ್ಲಾಸು ಎಂದು ಹಟ ಹಿಡಿದಳಂತೆ. ಹುಡುಗರು ಮಾತು ಕೇಳದೆ ಪೇಟೆಯ ಇನ್ನೊಂದು ಅಂಗಡಿಯಿಂದ ಬಾಟಲಿಗಳನ್ನು ತಂದರು. ಐದೂ ಕಾಲಿಗೆ ಶುರು. ಎರಡು ಕುಡಿದರು, ಏನೂ ಆಗಲಿಲ್ಲ. "ಹಲಗಿ ಇನ್ನೂ ಒಣಗಿಲ್ಲ ಕಾಣಸ್ತೈತಿ" ಎಂದು ಯಾರೋ ಅಂದರು, ಎಲ್ಲ ನಕ್ಕರು. ಇನ್ನೆರಡು ಕುಡಿದರು, ಏನೂ ಆಗಲಿಲ್ಲ. "ಪಾಪ ನಮ್ಮತ್ತಿ, ಇವತ್ತೂ ಬಚ್ಚಲ ಕಲ್ಲ ಗತಿ ಆಕಿಗೆ" ಎಂದು ಇಂದುಧರ ಗ್ಲಾಸು ಕೆಳಗಿಟ್ಟನಂತೆ. ಉಳಿದವರು ಅವನನ್ನು ಅತ್ತೆಯ ಕೂಸು ಎಂದು ಆಡಿಕೊಂಡರು. ಅವನು ಮತ್ತೆ ಗ್ಲಾಸು ಎತ್ತಿದ. ಇಪ್ಪತ್ತು ನಿಮಿಷದಲ್ಲಿ ಎಂಟು, ಪ್ರತಿ ವಾರದ ಹಾಗೆ, ನೀರಿನ ಹಾಗೆ. ಐದು ನಲವತ್ತಕ್ಕೆ ಅವನು ತನ್ನ ಮೂಗು ಮುಟ್ಟಿಕೊಂಡು, "ಅಯ್ಯ, ಮೂಗು ಎಲ್ಲಿ ಹೋತು?" ಎಂದು ಬಹಳ ಆಶ್ಚರ್ಯದಿಂದ ಕೇಳಿದನಂತೆ. ಒಬ್ಬೊಬ್ಬರೇ ಹುಲ್ಲಿನ ಮೇಲೆ ಮಲಗಿದರು. ಇಂದುಧರ ಅಂಗಾತ ಮಲಗಿದ. ಬಿಸಿಲು ಕಣ್ಣಿಗೆ ಬೀಳುತ್ತದೆ ಎಂದು ಮಧುಮತಿಯೇ ಅವನ ಮುಖಕ್ಕೆ ಟವೆಲು ಹೊದಿಸಿದಳು. ಮಲಗಿದಲ್ಲೇ ಅವನಿಗೆ ವಾಂತಿಯಾಯಿತು. ಅಂಥವನನ್ನು ಮಗ್ಗುಲಿಗೆ ಹೊರಳಿಸಬೇಕು ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅತ್ತೆಯರಿಗೆ.

ಇನ್ನೂ ಬೆಳಕು ಇರುವಾಗಲೇ ನೀಲಗಂಗವ್ವ ನನ್ನ ಬಾಗಿಲಿಗೆ ಬಂದಳು. ಅವಳ ಸೆರಗೆಲ್ಲ ಒದ್ದೆಯಾಗಿತ್ತು. ಏರಿ ಹತ್ತಿ ಒಬ್ಬೊಬ್ಬರನ್ನೇ ಮಗ್ಗುಲಿಗೆ ಹೊರಳಿಸಿ, ಬಾಯಲ್ಲಿ ಬೆರಳು ಹಾಕಿ, ನೀರು ಚಿಮುಕಿಸಿ ಹನ್ನೊಂದು ಜನರನ್ನು ಎಬ್ಬಿಸಿದ್ದಳು. ಟವೆಲು ಹೊದ್ದವನ ಬಳಿ ಅವಳು ಬಂದದ್ದು ಕೊನೆಗೆ. ನೆಮ್ಮದಿಯಾಗಿ ಮಲಗಿದ್ದಾನೆ ಎಂದುಕೊಂಡಿದ್ದಳು. "ಮೇಡಂ, ನಿಮ್ಮ ಹುಡುಗ," ಎಂದಳು. ಸಭೆಯ ಮಾತನ್ನು ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ. ಎತ್ತಿದ್ದರೆ ನನಗೆ ಉತ್ತರ ಕೊಡುವ ಕೆಲಸವಾದರೂ ಇರುತ್ತಿತ್ತು.

ತಮ್ಮ ಗುರುಪಾದ ಕಾಲುವೆಯ ಏರಿಯ ಮೇಲೆ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನು ನೆಟ್ಟಗೆ ನಡೆದು ಬರುವುದನ್ನು ಅವನು ದೂರದಿಂದಲೇ ನೋಡಿದ. ಎರಡು ವರ್ಷದಿಂದ ಅವನಿಗೆ ಒಂದು ಅಭ್ಯಾಸ: ಮಗ ತಡವಾದರೆ ನನ್ನ ಮನೆಗೆ ಬಂದು ನನ್ನ ಸ್ಥಿತಿ ನೋಡಿ, ಇಷ್ಟೇನಾ, ಹಾಗಾದರೆ ಬರುತ್ತಾನೆ ಬಿಡು ಎಂದು ಹೋಗುವುದು. ಹತ್ತಿರ ಬಂದ ಮೇಲೆ ಅವನು ಕೇಳಿದ್ದು ಒಂದೇ.

"ಅಕ್ಕಾ, ನಿನಗ ಗೊತ್ತಾಗಲಿಲ್ಲೇನು?"

"ಇಲ್ಲೋ," ಎಂದೆ. "ಏನೂ ಗೊತ್ತಾಗಲಿಲ್ಲ."

ಪುರಸಭೆ ಮತ್ತೆ ಸೇರಿತು. ಈ ಸಲ ಯಾರೂ ಭಾಷಣ ಮಾಡಲಿಲ್ಲ. ಮಧುಮತಿ ಬಂದಿರಲಿಲ್ಲ. ಪೇಂಟರು ಹದಿನೆಂಟನ್ನು ಅಳಿಸಿ ಇಪ್ಪತ್ತೊಂದು ಬರೆದ. ಯಾವ ಅಂಕಿ ಸರಿ ಎಂದು ಈಗಲೂ ಕೆಲವರು ಬಂದು ನನ್ನನ್ನು ಕೇಳುತ್ತಾರೆ. ಕಾಲೇಜಿನಲ್ಲಿ ಓದಿದವಳು, ಬರೆದಿಟ್ಟವಳು ಎಂದು. ನನಗೆ ತಿಳಿಯದು. ಹದಿನೆಂಟು ತಪ್ಪು ಎಂದು ನನ್ನ ಅಂಕಿಗಳು ಹೇಳುವುದಿಲ್ಲ, ಇಪ್ಪತ್ತೊಂದು ಸರಿ ಎಂದೂ ಹೇಳುವುದಿಲ್ಲ. ಯಾವ ಅಂಕಿಯಾದರೂ ಅದರ ಈಚೆಗೆ ಯಾರೋ ಒಬ್ಬರು ಒಂದು ತಾಸು ಎದುರು ಕೂರಬೇಕು ಎಂಬುದಷ್ಟೇ ನನಗೆ ಗೊತ್ತಿರುವುದು, ಅದೂ ಈಗ. ತರಗತಿಯಲ್ಲಿ ಬ್ಯುರೆಟ್ಟಿನ ಪಾಠ ಬಂದಾಗ ನಾನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತೇನೆ. ಒಳಲೆ ಕಿಟಕಿಯ ಕಟ್ಟೆಯ ಮೇಲೆ ಅವನು ಬೋರಲು ಹಾಕಿದ ಹಾಗೆಯೇ ಇದೆ. ಸುತ್ತ ಧೂಳು ಒರೆಸುತ್ತೇನೆ, ಎತ್ತುವುದಿಲ್ಲ.

ಅಂಕಿ ಮತ್ತೆ ಇಪ್ಪತ್ತೊಂದಾದ ಮೊದಲ ಕೆಲವು ವಾರ ಊರಿನ ಯಾವ ಹುಡುಗನೂ ಕುಡಿಯಲಿಲ್ಲ. ಹೋದ ಶನಿವಾರ ಶುರುವಾಗಿದೆ. ನಾನು ಸೊಪ್ಪು ತರಲು ಹೊರಟಿದ್ದೆ. ಐದು ನಲವತ್ತರ ಆಸುಪಾಸು. ಇಳಿಜಾರಿನ ಬೀದಿಯಲ್ಲಿ ಐದಾರು ಜನ ಅತ್ತೆಯರು ಹಗ್ಗ ಹಿಡಿದು ತೂರಾಡುತ್ತ ಬರುತ್ತಿದ್ದರು. ಒಬ್ಬಳು ಹಾಡುತ್ತಿದ್ದಳು. ಇನ್ನೊಬ್ಬಳು, "ಹಾಳಾದಾವ, ಮೂರನೇದೂ ಇಳಿಸಿದ ನೋಡ, ಸಿಗಲಿ ಮನ್ಯಾಗ," ಎಂದು ಬೈಯುತ್ತಿದ್ದಳು, ಮುಖದ ತುಂಬ ನಗು. ನನ್ನನ್ನು ಕಂಡದ್ದೇ ಹಾಡು ನಿಂತಿತು. ಎಲ್ಲರೂ ಹಗ್ಗ ಬಿಟ್ಟು ನೆಟ್ಟಗೆ ನಿಲ್ಲಲು ನೋಡಿದರು. ಆಗಲಿಲ್ಲ ಅವರಿಂದ. ಒಬ್ಬಳ ಮೇಲೊಬ್ಬಳು ವಾಲಿದರು.

ಕೋಲು ಊರಿಕೊಂಡಿದ್ದ ಪಾರ್ವತೆವ್ವ ಮಾತ್ರ ಕೈ ಚಾಚಿ ನನ್ನ ತೋಳು ಹಿಡಿದಳು. ಅವಳ ಉಸಿರಿನಲ್ಲಿ ಸಾರಾಯಿಯ ವಾಸನೆ ಇರಲಿಲ್ಲ, ಕಣ್ಣು ಮಾತ್ರ ತೇಲುತ್ತಿದ್ದವು. "ಕಸ್ತೂರೀ, ನನ್ನ ಮನೀ ತನಕ ಬಿಡವಾ," ಎಂದಳು. "ಮೆಟ್ಟಲಾ ಎರಡೆರಡು ಕಾಣಸ್ತಾವು. ನೀ ಗಟ್ಟಿ ಅದೀ."

ಅವಳ ಭಾರವನ್ನು ತೋಳಿನ ಮೇಲೆ ತೆಗೆದುಕೊಂಡು ಇಳಿದೆ. ನಲವತ್ತಮೂರು ಮೆಟ್ಟಿಲು. ಪ್ರತಿಯೊಂದು ಒಂದೊಂದೇ ಆಗಿ ಕಂಡಿತು. ನಡುವೆ ಒಮ್ಮೆ ಹಗ್ಗದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕಾದೆ. ಕಾಲು ಎಲ್ಲಿಯೂ ತಪ್ಪಲಿಲ್ಲ.